ಸೈರನ್ ಕೂಗಿದಾಗ ಗೇಟು ತೆಗೆಯಬೇಕೋ, ಮುಚ್ಚಬೇಕೋ?

ಒಂದೇ ಕೆಲಸ. ಒಂದು ಹಾಳೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು, ಇನ್ನೊಂದು ಹಾಳೆಯಲ್ಲಿ ಹತ್ತಕ್ಕೆ ಸೊನ್ನೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು, ಇಂಥದ್ದನ್ನು ಕಂಡಿರಲಿಲ್ಲ. ಕೊನೆಗೆ ಕಂಡಿದ್ದು ಕೋಲಾರ ಜಿಲ್ಲೆಯ ಒಂದು ಘಟಕದ ಗೇಟಿನ ಹತ್ತಿರ, ಮಾರ್ಚ್ ತಿಂಗಳ ಬಿಸಿಲಿನಲ್ಲಿ. ಅಂಕ ಸಿಕ್ಕಿದ್ದು ಗೇಟು ಕಾಯುವ ಒಬ್ಬ ಅಣ್ಣನಿಗೆ. ಅವರಿಗೆ ಈಗಲೂ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ. ಅದು ನ್ಯಾಯವೇ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಘಟಕದ ಹೆಸರು ಬೇಡ. ಗೋಡೆ ಎಷ್ಟು ಎತ್ತರ, ಕ್ಯಾಮೆರಾ ಎಲ್ಲಿದೆ ಅನ್ನುವುದೂ ಬೇಡ. ಇಷ್ಟು ಸಾಕು: ಅಲ್ಲಿ ಈರುಳ್ಳಿ ಮೊಳಕೆ ಒಡೆಯದ ಹಾಗೆ, ಮಸಾಲೆ ಪುಡಿಯಲ್ಲಿ ಸೂಕ್ಷ್ಮಜೀವಿ ಉಳಿಯದ ಹಾಗೆ ಗಾಮಾ ಕಿರಣ ಹಾಯಿಸುತ್ತಾರೆ. ಸೀಸನ್‌ನಲ್ಲಿ ಮಾವು ಬರುತ್ತದೆ. ನಮ್ಮ ಶ್ರೀನಿವಾಸಪುರದ ಕಡೆಯ ಹಣ್ಣು ಅಮೆರಿಕಕ್ಕೆ ಹೋಗಬೇಕಾದರೆ ಕನಿಷ್ಠ 400 ಗ್ರೇ (ಹಣ್ಣು ಹೀರಿಕೊಂಡ ಕಿರಣದ ಅಳತೆ ಅದು) ಕಿರಣ ತಿನ್ನಿಸಬೇಕು. ಓಟೆಯೊಳಗಿನ ಹುಳು ಆಗಲೇ ಸಾಯದಿದ್ದರೂ ಅದರ ಸಂತಾನ ಮುಂದುವರಿಯುವುದಿಲ್ಲ. 2007ರಲ್ಲಿ ಭಾರತದ ಮಾವಿಗೆ ಅಮೆರಿಕದ ಬಾಗಿಲು ತೆರೆದದ್ದು ಈ ಷರತ್ತಿನ ಮೇಲೆಯೇ. ಹಣ್ಣು ವಿಕಿರಣ ಸೂಸುವುದಿಲ್ಲ, ಹೆದರಬೇಡಿ. ಬಿಸಿಲಿಗೆ ಒಣಗಿಸಿದ ಹಪ್ಪಳ ಕತ್ತಲಲ್ಲಿ ಬೆಳಗುತ್ತದೆಯೇ? ಹಾಗೆ.

ಕಿರಣ ಬರುವುದು ಕೋಬಾಲ್ಟ್-60ರಿಂದ. ಮಾಮೂಲಿ ಕೋಬಾಲ್ಟನ್ನು ಅಣು ರಿಯಾಕ್ಟರಿನೊಳಗೆ ಇಟ್ಟರೆ ಅದು ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುತ್ತದೆ. ಹತ್ತಿರ ಹತ್ತಿರ ಐದೂಕಾಲು ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಆಗಾಗ ಹೊಸದು ತುಂಬಿಸಬೇಕು. ಕೆಲಸ ಇಲ್ಲದಾಗ ಅದು ಆಳವಾದ ನೀರಿನ ತೊಟ್ಟಿಯ ತಳದಲ್ಲಿ ಇರುತ್ತದೆ. ಕೆಲಸ ಇದ್ದಾಗ ದಪ್ಪ ಕಾಂಕ್ರೀಟ್ ಗೋಡೆಗಳ ನಡುವೆ ಮೇಲಕ್ಕೆ ಬರುತ್ತದೆ. ಕೈಗಾದ ಹಾಗೆ ಇದು ವಿದ್ಯುತ್ ಸ್ಥಾವರ ಅಲ್ಲ. ಆದರೆ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿಕಿರಣ ಮೂಲಗಳನ್ನು ಅಪಾಯದ ಲೆಕ್ಕದಲ್ಲಿ ಐದು ವರ್ಗ ಮಾಡಿದೆಯಲ್ಲ, ಅದರಲ್ಲಿ ಇಂಥ ಘಟಕದ ಕೋಬಾಲ್ಟ್ ಮೊದಲನೇ ವರ್ಗ. ಮರೆ ಇಲ್ಲದೆ ಪಕ್ಕದಲ್ಲಿ ಕೆಲವು ನಿಮಿಷದಿಂದ ಒಂದು ಗಂಟೆ ನಿಂತರೆ ಜೀವ ಹೋಗಬಹುದು ಅನ್ನುವ ವರ್ಗ.

ಅಂಥ ಕಡೆ ಗೇಟು ಕಾಯುವವರಿಗೆ ತರಬೇತಿ ಬೇಕು ತಾನೇ? ನಾನು ಅಲ್ಲಿಗೆ ಹೋದದ್ದು ಅದಕ್ಕೆ. ಹೋದ ಕಾರಣ ಮಾತ್ರ ತಮಾಷೆಯದ್ದು.

ಘಟಕದಲ್ಲಿ ವಿಕಿರಣ ಸುರಕ್ಷತಾಧಿಕಾರಿ ಅಂತ ಒಬ್ಬರು ಇರಲೇಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಇಲ್ಲಿ ಆ ಹುದ್ದೆಯಲ್ಲಿರುವ ಮೇಡಂ ಹರಿಯಾಣಕ್ಕೆ ಹೋಗಿ ಐದು ದಿನದ ತರಬೇತಿ ಮುಗಿಸಿ ಬಂದಿದ್ದರು. ಬೇರೆ ದೇಶದವರೂ ಕುಳಿತಿದ್ದ ತರಬೇತಿ. ಇಂಗ್ಲಿಷ್ ಸ್ಲೈಡುಗಳನ್ನು ಯಾರಿಂದಲೋ ಕನ್ನಡ ಮಾಡಿಸಿದ್ದರು. ಅದರಲ್ಲಿ ‘ಫಿಜಿಕಲ್ ಪ್ರೊಟೆಕ್ಷನ್’ ಅನ್ನುವುದು ‘ಭೌತಿಕ ರಕ್ಷಣೆ’ ಆಗಿತ್ತು. ಅದನ್ನು ನೋಡಿದ ಘಟಕದ ಯಜಮಾನರು, “ಭೌತಿಕ ಅಂತ ಇದೆಯಲ್ಲ, ಯಾರಾದರೂ ಭೌತಶಾಸ್ತ್ರದ ಮೇಷ್ಟ್ರನ್ನ ಕರೆಸಿ” ಅಂದರಂತೆ. ಹಾಗೆ ಬಂತು ನನಗೆ ಕರೆ. ಬೇಲಿ, ಬೀಗ, ಗೇಟು, ಕಾವಲುಗಾರ, ಇವೇ ಆ ‘ಭೌತಿಕ’. ನ್ಯೂಟನ್ನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೂ ಒಪ್ಪಿಕೊಂಡೆ. ನಿವೃತ್ತಿಯಾದ ಮೇಲೆ ಪಾಠ ಮಾಡುವ ಚಟ ಬಿಡುವುದು ಕಷ್ಟ.

ಸ್ಲೈಡುಗಳಲ್ಲಿ ಇನ್ನೊಂದು ಎಡವಟ್ಟಿತ್ತು. ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ‘ಸೇಫ್ಟಿ’ ಅಂತ ಇದ್ದ ಕಡೆ ‘ಭದ್ರತೆ’. ‘ಸೆಕ್ಯೂರಿಟಿ’ ಅಂತ ಇದ್ದ ಕಡೆಯೂ ‘ಭದ್ರತೆ’. ಕೆಲವು ಕಡೆ ಬದಲಾವಣೆಗೆ ಇರಲಿ ಅಂತಲೋ ಏನೋ, ಎರಡಕ್ಕೂ ‘ಸುರಕ್ಷತೆ’. ನಾನು ಕಾಗುಣಿತ ತಿದ್ದಿ, ಒತ್ತಕ್ಷರ ಸರಿಮಾಡಿ ವಾಪಸ್ ಕೊಟ್ಟೆ.

ಮಾಕ್ ಡ್ರಿಲ್ ಇಟ್ಟಿದ್ದು ಮಾವಿನ ಸೀಸನ್‌ಗೆ ಮುಂಚೆ. ಬೆಳಿಗ್ಗೆ ಕಾವಲಿನವರನ್ನೂ ಹಮಾಲಿಗಳನ್ನೂ ಡ್ರೈವರುಗಳನ್ನೂ ಕೂರಿಸಿಕೊಂಡು ಮಾತಾಡಿದೆವು. ಕಾವಲಿನವರಿಗೆ ಅಂತ ಸಿಕ್ಕಿದ್ದು ನಲವತ್ತು ನಿಮಿಷ. ಈ ಲೆಕ್ಕ ಗಮನಿಸಿ. ಹರಿಯಾಣದಲ್ಲಿ ಐದು ದಿನ, ಘಟಕದಲ್ಲಿ ಒಂದು ದಿನ, ಗೇಟಿಗೆ ನಲವತ್ತು ನಿಮಿಷ. ಕಾಲುವೆ ನೀರು ಕೊನೆಯ ಹೊಲಕ್ಕೆ ತಲುಪುವ ಹಾಗೆ.

ಹನ್ನೊಂದೂ ಇಪ್ಪತ್ತಕ್ಕೆ ಸೈರನ್ ಕೂಗಿತು. ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿದೆ ಅನ್ನುವುದು ಕಲ್ಪನೆ. ಗೇಟಿನ ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ. ಎರಡೂ ಬಾಗಿಲು ಹಾರು ಹೊಡೆದು, ಮುಚ್ಚಿಕೊಳ್ಳದ ಹಾಗೆ ಕಲ್ಲು ಅಡ್ಡ ಇಟ್ಟರು. “ಓಡ್ರಿ, ಓಡ್ರಿ, ರೋಡಿಗೆ ಓಡ್ರಿ!” ಅಂತ ಕೂಗಿದರು. ಪ್ಯಾಕಿಂಗಿನ ಒಬ್ಬ ಹೆಂಗಸಿನ ಚಪ್ಪಲಿ ಕಿತ್ತು ಮುಗ್ಗರಿಸಿದಾಗ ರಟ್ಟೆ ಹಿಡಿದು ಎತ್ತಿ ಆಚೆ ಬಿಟ್ಟರು. ನಲವತ್ತೊಂದು ಜನ ಎರಡು ನಿಮಿಷ ಹತ್ತು ಸೆಕೆಂಡಿಗೆ ರಸ್ತೆಯಲ್ಲಿದ್ದರು. ಕಾರ್ಖಾನೆ ಸುರಕ್ಷತೆಯ ಕಡೆಯಿಂದ ನೋಡಲು ಬಂದಿದ್ದವರು ಕೈಕುಲುಕಿದರು. ಹತ್ತಕ್ಕೆ ಹತ್ತು.

ಅದೇ ಎರಡು ನಿಮಿಷದಲ್ಲಿ, ಹಮಾಲಿಯ ಅಂಗಿ ಹಾಕಿಕೊಂಡ ಒಬ್ಬ ಒಂದು ಹಣ್ಣಿನ ಕ್ರೇಟ್ ಹೊತ್ತುಕೊಂಡು ಆಚೆ ಹೋಗಿದ್ದ. ಮೇಲೆ ಗೋಣಿಚೀಲ ಮುಚ್ಚಿತ್ತು. ಅವನು ಮೇಡಂ ಕಡೆಯ ಮನುಷ್ಯ, ಡ್ರಿಲ್ಲಿನ ಗುಟ್ಟಿನ ಭಾಗ. ಕ್ರೇಟಿನಲ್ಲಿ ಇದ್ದದ್ದು ವಿಕಿರಣ ಅಳೆಯುವ ಮೀಟರ್, ಅದಕ್ಕೆ ಸರಪಳಿ ಹಾಕಿ ಕಟ್ಟಿದ್ದ ಒಂದು ಬೀಗದ ಕೈ. ನಿಜವಾದದ್ದಲ್ಲ, ಡ್ರಿಲ್‌ಗೆ ಅಂತ ಮಾಡಿಸಿದ್ದು. ಇಂಥ ಘಟಕಗಳಲ್ಲಿ ಕೋಬಾಲ್ಟ್ ಮೇಲೆತ್ತುವ ಕೀಲಿಯೂ ಕೋಣೆಯ ಬಾಗಿಲಿನ ಕೀಲಿಯೂ ಒಂದೇ ಇರುತ್ತದೆ, ಅದು ಮೀಟರಿಗೆ ಕಟ್ಟಿರುತ್ತದೆ. ಒಳಗೆ ಹೋಗುವವನ ಕೈಯಲ್ಲಿ ಮೀಟರ್ ಇರಲೇಬೇಕು, ಅವನು ಒಳಗಿರುವಾಗ ಹೊರಗಿನವರು ಕೋಬಾಲ್ಟ್ ಮೇಲೆತ್ತಲು ಆಗಬಾರದು, ಅದಕ್ಕೆ. ಕೀಲಿ ಹೋದ ಮಾತ್ರಕ್ಕೆ ಯಾರಿಗೂ ಕೋಬಾಲ್ಟ್ ಸಿಗುವುದಿಲ್ಲ. ಆದರೆ ಕೀಲಿ ಹೊರಗೆ ಹೋಯಿತು, ಯಾರ ಕೈಗೆ ಅಂತ ಗೊತ್ತಿಲ್ಲ ಅಂದರೆ ಅಲ್ಲಿಗೆ ಕಾವಲು ಸೋತ ಹಾಗೆ.

ನೋವಿನ ಸಂಗತಿ ಏನೆಂದರೆ, ಅಣ್ಣ ಆ ‘ಕಳ್ಳ’ನನ್ನು ನೋಡಿದ್ದರು. “ಜೀವ ಹೋಗೋ ಟೈಮಲ್ಲಿ ಕ್ರೇಟ್ ಯಾಕೋ, ಬಿಸಾಕಿ ಓಡೋ!” ಅಂತ ಬೈದೂ ಇದ್ದರು. ಅವನು ಬಿಸಾಕಲಿಲ್ಲ, ಓಡಿದ. ಎರಡನೇ ಹಾಳೆಯಲ್ಲಿ ಸೊನ್ನೆ.

ಮಧ್ಯಾಹ್ನ ಊಟ ಆದ ಮೇಲೆ ಮೇಡಂ ಎರಡೂ ಹಾಳೆ ಓದಿದರು. ಅಣ್ಣ ಸುಮ್ನೆ ಕೇಳಿಸಿಕೊಂಡು ಎದ್ದು ನಿಂತರು. “ಮೇಷ್ಟ್ರೇ, ಬೆಳಿಗ್ಗೆ ನೀವೇ ಹೇಳಿದ್ದು. ಸೈರನ್ ಆದ್ರೆ ಭದ್ರತೆ ಮುಖ್ಯ, ಮೊದ್ಲು ಜನಾನ ಆಚೆ ಕಳ್ಸು ಅಂತ. ಅದಾದ್ಮೇಲೆ ಇನ್ನೊಂದು ಚಿತ್ರ ತೋರಿಸಿ, ಸೈರನ್ ಆದ್ರೆ ಭದ್ರತೆ ಮುಖ್ಯ, ಗೇಟ್ ಬಿಡಬೇಡ ಅಂತಲೂ ನೀವೇ ಹೇಳಿದ್ರಿ. ನಾನು ಯಾವ ಭದ್ರತೆ ಮಾಡ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗುಣಿತ ತಿದ್ದಿದವನು ನಾನೇ ಅಲ್ವಾ.

ಆಮೇಲೆ ಮೇಡಂ ಜೊತೆ ಕೂತು ಮಾತಾಡಿದಾಗ ಗೊತ್ತಾಯಿತು, ಈ ಗೋಜಲು ಕೋಲಾರದ್ದು ಮಾತ್ರ ಅಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಎರಡಕ್ಕೂ ‘ಸೆಗುರಿದಾದ್’ ಅನ್ನುವ ಒಂದೇ ಪದ. ರಷ್ಯನ್ನರಿಗೂ ಒಂದೇ, ‘ಬೆಜೊಪಾಸ್ನೊಸ್ತ್’. ವಿಯೆನ್ನಾದ ಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಇಂಗ್ಲಿಷ್, ಚೀನೀ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಆ ಆರರಲ್ಲೇ ಇಷ್ಟು ಪರದಾಟ. ಸ್ಪ್ಯಾನಿಷ್‌ನವರು ಕೊನೆಗೆ ಒಂದಕ್ಕೆ ‘ತಾಂತ್ರಿಕ’, ಇನ್ನೊಂದಕ್ಕೆ ‘ಭೌತಿಕ’ ಅಂತ ಬಾಲ ಅಂಟಿಸಿಕೊಂಡರು. ರಷ್ಯನ್ನರೂ ಕಾವಲಿನ ಅರ್ಥಕ್ಕೆ ‘ಭೌತಿಕ’ ಅಂತಲೇ ಸೇರಿಸುತ್ತಾರೆ. ನಮ್ಮ ಯಜಮಾನರು ಆ ಪದದಿಂದ ಮೋಸ ಹೋದದ್ದರಲ್ಲಿ ಏನೂ ತಪ್ಪಿಲ್ಲ ಅನ್ನಿಸಿತು.

ಪದ ಒಂದಾದರೂ ಕೆಲಸ ಎರಡು. ಅಣು ವಸ್ತುವಿನಿಂದ ಜನಕ್ಕೆ ತೊಂದರೆ ಆಗಬಾರದು, ಅದು ಸೇಫ್ಟಿ. ಬೇಕಂತಲೇ ಕೇಡು ಮಾಡುವ ಜನರಿಂದ ಅಣು ವಸ್ತುವಿಗೆ ತೊಂದರೆ ಆಗಬಾರದು, ಅದು ಸೆಕ್ಯೂರಿಟಿ. ಮೊದಲನೆಯದರಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಬೇಕು: ಬೋರ್ಡು ಹಾಕು, ತಪ್ಪಾದರೆ ಎಲ್ಲರಿಗೂ ತಿಳಿಸು, ಬಾಗಿಲು ತೆಗಿ. ಎರಡನೆಯದರಲ್ಲಿ ಬಾಯಿ ಮುಚ್ಚು: ಬೇಕಾದವರಿಗೆ ಮಾತ್ರ ಹೇಳು, ಬಾಗಿಲು ಹಾಕು. ಎರಡೂ ಒಂದೇ ಗೇಟಿನ ಹತ್ತಿರ ಬಂದು ಡಿಕ್ಕಿ ಹೊಡೆಯುತ್ತವೆ. 2010ರಲ್ಲಿ ವಿಯೆನ್ನಾದ ತಜ್ಞರ ಗುಂಪು ಅಣು ವಿದ್ಯುತ್ ಸ್ಥಾವರಗಳಲ್ಲಿ ಇವೆರಡೂ ಸೇರುವ ಜಾಗದ ಬಗ್ಗೆಯೇ ಒಂದು ವರದಿ ಬರೆದಿದೆ.

ಆ ಐದು ದಿನದ ತರಬೇತಿ ಎಲ್ಲಿಂದ ಹುಟ್ಟಿತು ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಅಣು ವಸ್ತುಗಳ ಕಾವಲಿಗೆ ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ 1980ರದ್ದು. ಅದು ಮುಖ್ಯವಾಗಿ ದೇಶದಿಂದ ದೇಶಕ್ಕೆ ಸಾಗಿಸುವಾಗಿನ ಕಾವಲಿನ ಬಗ್ಗೆ ಇತ್ತು. 2005ರಲ್ಲಿ ತಿದ್ದುಪಡಿ ಮಾಡಿ ದೇಶದೊಳಗಿನ ಸ್ಥಾವರ, ಸಂಗ್ರಹ, ಸಾಗಣೆಯನ್ನೂ ಸೇರಿಸಿದರು. ಅದು ಜಾರಿಗೆ ಬರಲು 2016ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಅದೂ ಯುರೇನಿಯಂ, ಪ್ಲುಟೋನಿಯಂ ಮಾತು. ಕೋಬಾಲ್ಟಿನಂಥ ಮೂಲಗಳಿಗೆ 2003ರಲ್ಲಿ ಒಂದು ನೀತಿ ಸಂಹಿತೆ ಬಂತು, ಆದರೆ ಅದು ಕಾನೂನಿನ ಹಾಗೆ ಕಟ್ಟಿಹಾಕುವಂಥದ್ದಲ್ಲ. ಕಾಗದ ಆಯಿತು, ಕಲಿಸುವವರು ಬೇಕಲ್ಲ? ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 1978ರಿಂದಲೇ ಬೇರೆ ದೇಶದವರಿಗೆ ಸ್ಥಾವರಗಳ ಕಾವಲನ್ನು ಕಲಿಸುತ್ತಿತ್ತು. 2010ರಲ್ಲಿ ಅಣು ವಸ್ತುಗಳ ಕಾವಲಿನ ಬಗ್ಗೆ ವಾಷಿಂಗ್ಟನ್ನಿನಲ್ಲಿ ನಡೆದ ಶೃಂಗಸಭೆಯಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಭಾರತದಲ್ಲೂ ಒಂದು ಜಾಗತಿಕ ಕೇಂದ್ರ ಕಟ್ಟುತ್ತೇವೆ ಅಂದರು. ಹರಿಯಾಣದ ಬಹಾದುರ್‌ಗಢದ ಹತ್ತಿರ ಇರುವ ಜಾಗತಿಕ ಅಣುಶಕ್ತಿ ಸಹಭಾಗಿತ್ವ ಕೇಂದ್ರ ಅದೇ. ಅಲ್ಲಿನ ಐದು ಶಾಲೆಗಳಲ್ಲಿ ಒಂದು ಪೂರ್ತಿ ಸೆಕ್ಯೂರಿಟಿಗೆ ಮೀಸಲು. ಜಪಾನ್, ದಕ್ಷಿಣ ಕೊರಿಯಾ, ಚೀನಾ ಕೂಡ ಇಂಥ ಕೇಂದ್ರ ಕಟ್ಟಿಕೊಂಡವು. 2012ರಲ್ಲಿ ಇಂಥ ಕೇಂದ್ರಗಳದ್ದೇ ಒಂದು ಜಾಲ ಆಯಿತು. 2023ರಲ್ಲಿ ವಿಯೆನ್ನಾ ಹತ್ತಿರದ ಸೈಬರ್ಸ್‌ಡಾರ್ಫಿನಲ್ಲಿ ಸಂಸ್ಥೆ ತನ್ನದೇ ತರಬೇತಿ ಕೇಂದ್ರ ತೆರೆಯಿತು. ಬೇಲಿ, ಕ್ಯಾಮೆರಾ, ಸ್ಕ್ಯಾನರುಗಳನ್ನು ಮುಟ್ಟಿ ನೋಡಿ ಕಲಿಯುವ ಜಾಗ.

ಇಷ್ಟು ದೊಡ್ಡ ಸರಪಳಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾವಲು ಇಲ್ಲದಿದ್ದರೆ ಏನಾಗುತ್ತದೆ ಅಂತ ಜಗತ್ತು ನೋಡಿದೆ. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಖಾಲಿ ಬಿಟ್ಟಿದ್ದ ಚಿಕಿತ್ಸಾಲಯದಿಂದ ಇಬ್ಬರು ಒಂದು ಯಂತ್ರದ ಭಾಗ ಬಿಚ್ಚಿಕೊಂಡು ಹೋಗಿ ಗುಜರಿಗೆ ಮಾರಿದರು. ಒಳಗೆ ಸೀಸಿಯಂ-137 ಇತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಅಂತ ಗುಜರಿಯವರು ನೆಂಟರಿಷ್ಟರಿಗೆ ಹಂಚಿದರು. ನಾಲ್ಕು ಜನ ಸತ್ತರು, 249 ಜನರಿಗೆ ವಿಕಿರಣದ ಸೋಂಕು ತಗುಲಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲೂ ಹಾಗೆಯೇ ಆಯಿತು. ಹರಾಜಿನಲ್ಲಿ ಬಂದ ಹಳೆಯ ಪ್ರಯೋಗಾಲಯದ ಯಂತ್ರದೊಳಗೆ ಕೋಬಾಲ್ಟ್-60 ಇತ್ತು, ಒಬ್ಬರು ಸತ್ತರು. ಎರಡು ಕಡೆಯೂ ಭಯೋತ್ಪಾದಕರು ಯಾರೂ ಇರಲಿಲ್ಲ. ‘ಇದು ಎಲ್ಲಿಗೆ ಹೋಗ್ತಾ ಇದೆ?’ ಅಂತ ಕೇಳುವವರು ಇರಲಿಲ್ಲ, ಅಷ್ಟೇ. ಸೆಕ್ಯೂರಿಟಿ ಬಿದ್ದ ಮೇಲೆ ಸೇಫ್ಟಿಯೂ ಬಿತ್ತು.

ಇಷ್ಟೆಲ್ಲ ಸರಿ. ಆದರೆ ಗೇಟಿನ ಹತ್ತಿರ ನಿಂತವರಿಗೆ ಹೇಳುವುದು ಹೇಗೆ? ನಮ್ಮ ಕಡೆ ಸೆಕ್ಯೂರಿಟಿ ಅಂದರೆ ಒಬ್ಬ ಮನುಷ್ಯ. “ಸೆಕ್ಯೂರಿಟಿ ಟೀಗೆ ಹೋಗಿದಾನೆ” ಅನ್ನುತ್ತೇವೆ. ಸೇಫ್ಟಿ ಅಂದರೆ ಹೆಲ್ಮೆಟ್ಟು, ಬೂಟು. ಇಂಗ್ಲಿಷ್ ಪದ ಹಾಗೇ ಇಟ್ಟರೂ ಕೆಲಸಕ್ಕೆ ಬರುವುದಿಲ್ಲ. ಭದ್ರತೆ, ಸುರಕ್ಷತೆ, ರಕ್ಷಣೆ, ಸಂರಕ್ಷಣೆ ಅಂತ ನಾನು ಹಾಳೆಯಲ್ಲಿ ಬರೆದು ಬರೆದು ಹೊಡೆದು ಹಾಕುತ್ತಿದ್ದೆ.

ದಾರಿ ತೋರಿಸಿದ್ದು ಅದೇ ಅಣ್ಣ. ಅವರು ಹುಡುಗರಾಗಿದ್ದಾಗ ಅಪ್ಪನ ಜೊತೆ ಮಾವಿನ ತೋಪು ಕಾಯುತ್ತಿದ್ದರಂತೆ. ತೋಟ ಗುತ್ತಿಗೆ ಹಿಡಿದವರು ಕಾಯಿ ಬಲಿಯುವ ಹೊತ್ತಿಗೆ ಕಾವಲಿಗೆ ಒಂದು ಸಂಸಾರವನ್ನೇ ತೋಪಿನಲ್ಲಿ ಗುಡಿಸಲು ಹಾಕಿ ಇಡುವುದು ನಮ್ಮಲ್ಲಿ ಹೊಸದಲ್ಲ. “ಪಕ್ಕದ ತೋಪಲ್ಲಿ ಬೆಂಕಿ ಬೆಂಕಿ ಅಂತ ಕೂಗಿದ್ರೆ ನಮ್ಮಪ್ಪ ಓಡೋನು ಮೇಷ್ಟ್ರೇ. ನನ್ನ ಬಿಡ್ತಾ ಇರ್ಲಿಲ್ಲ. ನಾನು ಕಾಪಾಡಕ್ಕೆ ಓಯ್ತೀನಿ, ನೀನು ಕಾಯ್ತಾ ಇರು ಅನ್ನೋನು. ಕೂಗಿದೋರೇ ಕಾಯಿ ಕೀಳಕ್ಕೆ ಬಂದಿರ್ತಾರೆ.”

ಕಾಪಾಡುವುದು, ಕಾಯುವುದು. ಎರಡು ಪದವೂ ಮನೆಯಲ್ಲೇ ಇದ್ದವು. ಮಗುವನ್ನು ಬೆಂಕಿಯಿಂದ ಕಾಪಾಡುತ್ತೇವೆ, ತೋಪನ್ನು ಕಾಯುತ್ತೇವೆ. ಯಾರೂ ಅದಲು ಬದಲು ಮಾಡುವುದಿಲ್ಲ. ಸ್ಲೈಡುಗಳನ್ನೆಲ್ಲ ಮತ್ತೆ ಬರೆದೆ. ‘ಭದ್ರತಾ ಕ್ರಮಗಳು’ ಹೋಗಿ ‘ಕಾಯುವ ಕೆಲಸ’ ಬಂತು, ‘ಸುರಕ್ಷತಾ ಕ್ರಮಗಳು’ ಹೋಗಿ ‘ಕಾಪಾಡುವ ಕೆಲಸ’ ಬಂತು. ಯಜಮಾನರಿಗೆ ಇದು ತೀರಾ ಹಳ್ಳಿ ಭಾಷೆ ಅನ್ನಿಸಿತು, ತಪಾಸಣೆಗೆ ಬಂದವರು ನೋಡಿದರೆ ಏನಂದಾರು ಅಂದರು. ಅವರಿಗೆ ತೋರಿಸಲು ಇಂಗ್ಲಿಷ್ ಪ್ರತಿ ಇದೆಯಲ್ಲ ಅಂದೆವು.

ಪದದಿಂದ ಗೇಟು ತಾನಾಗಿ ಸರಿಹೋಗುವುದಿಲ್ಲ. ಒಬ್ಬನೇ ಮನುಷ್ಯ ಒಂದೇ ಗೇಟಿನಲ್ಲಿ ಎರಡು ಕೆಲಸ ಮಾಡಬೇಕು ಅನ್ನುವುದೇ ನಿಜವಾದ ತೊಡಕು. ಮೇಡಂ ತರಬೇತಿಯಲ್ಲಿ ಕಲಿತದ್ದು ಇಲ್ಲಿ ಚೆನ್ನಾಗಿ ಒದಗಿತು. ಕಟ್ಟಡದ ಬಾಗಿಲುಗಳೆಲ್ಲ ಸೈರನ್‌ಗೆ ತೆರೆದುಕೊಳ್ಳಲಿ. ಜನ ಹೊರಗೆ ಬಂದು ನಿಲ್ಲುವುದು ರಸ್ತೆಯಲ್ಲಲ್ಲ, ಬೇಲಿಯೊಳಗಿನ ಬಯಲಿನಲ್ಲಿ. ಅಲ್ಲಿ ತಲೆ ಎಣಿಸಿ. ಹೊರಗಿನ ಗೇಟು ಮುಚ್ಚಿರಲಿ. ಹೇಳಲು ಸುಲಭ. ಬಯಲು ಅಂದರೆ ಹೊಂಗೆ ಮರದ ಕೆಳಗಿನ ಜಾಗ ಅಂದುಕೊಂಡೆವು. ಆಗ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ನಕ್ಕ. ಮಧ್ಯಾಹ್ನದ ಗಾಳಿ ಸ್ಟೋರೇಜಿನ ಕಡೆಯಿಂದ ನೇರ ಹೊಂಗೆ ಮರಕ್ಕೇ ಬೀಸುತ್ತದೆ, ನಿಜವಾಗಲೂ ಅಮೋನಿಯಾ ಸೋರಿದರೆ ಎಲ್ಲರನ್ನೂ ತಂದು ಅದರ ಬಾಯಿಗೇ ನಿಲ್ಲಿಸಿದ ಹಾಗೆ. ಕೊನೆಗೆ ಎರಡು ಜಾಗ ಗುರುತು ಮಾಡಿ, ಗಾಳಿ ದಿಕ್ಕು ತೋರಿಸಲು ಒಂದು ಬಟ್ಟೆ ಚೀಲ ಕಟ್ಟಿದರು. ಎರಡು ಕಡೆಗೂ ಗಾಳಿ ಬಂದರೆ? ಆಗ ಹೊರಗೇಟು ತೆಗೆಯಬೇಕು, ಜೀವಕ್ಕಿಂತ ಕೀಲಿ ದೊಡ್ಡದಲ್ಲ. ಆದರೆ ಅದನ್ನು ತೀರ್ಮಾನ ಮಾಡುವುದು ಶಿಫ್ಟಿನ ಇನ್‌ಚಾರ್ಜ್, ಗೇಟಿನವರಲ್ಲ. ಇದನ್ನು ಒಂದೇ ಹಾಳೆಗೆ ಇಳಿಸಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿ ಗೇಟಿನ ಕೋಣೆಯಲ್ಲಿ ಅಂಟಿಸಿದೆವು. ನಮ್ಮ ಗಡಿ ಜಿಲ್ಲೆಯಲ್ಲಿ ತೆಲುಗು ಬಿಟ್ಟರೆ ಅರ್ಧ ಜನರನ್ನು ಬಿಟ್ಟ ಹಾಗೆ.

ಒಂದು ವಿಷಯಕ್ಕೆ ಮಾತ್ರ ಯಾರ ಹತ್ತಿರವೂ ಪರಿಹಾರ ಇರಲಿಲ್ಲ. ಜುಲೈನಲ್ಲಿ ಕಾವಲಿನ ಏಜೆನ್ಸಿಯ ಗುತ್ತಿಗೆ ಬದಲಾಯಿತು. ಮಾರ್ಚ್‌ನಲ್ಲಿ ಕೂತಿದ್ದ ಒಂಬತ್ತು ಜನರಲ್ಲಿ ಉಳಿದವರು ಮೂವರು. ಹನ್ನೆರಡು ಗಂಟೆ ಪಾಳಿ, ಕಡಿಮೆ ಸಂಬಳ, ಪಕ್ಕದ ನರಸಾಪುರದ ಕಾರ್ಖಾನೆಯಲ್ಲಿ ಸ್ವಲ್ಪ ಜಾಸ್ತಿ ಕೊಟ್ಟರೆ ಯಾರು ನಿಲ್ಲುತ್ತಾರೆ? ನನ್ನ ಕೇಳಿದರೆ, ಗೇಟಿನವರನ್ನು ಟೆಂಡರಿನಲ್ಲಿ ಕೊಳ್ಳುವ ತನಕ ಐದು ದಿನದ ಕೋರ್ಸಿಗೆ ಖರ್ಚು ಮಾಡಿದ್ದರಲ್ಲಿ ಮುಕ್ಕಾಲು ಪಾಲು ನೀರಿಗೆ. ಯಜಮಾನರಿಗೂ ಹೇಳಿದೆ. ಕಾಫಿ ಕೊಟ್ಟರು. ನಮ್ಮ ಅಣ್ಣ ಉಳಿದ ಮೂವರಲ್ಲಿ ಒಬ್ಬರು, ಅದು ನಮ್ಮ ಪುಣ್ಯ.

ಮಾವು ಮುಗಿದ ಮೇಲೆ, ಆಗಸ್ಟ್ ಕೊನೆಯಲ್ಲಿ ಎರಡನೇ ಡ್ರಿಲ್. ಸೈರನ್ ಕೂಗಿತು. ಜನ ಬಟ್ಟೆ ಚೀಲ ನೋಡಿ ಸರಿಯಾದ ಬಯಲಿಗೆ ಹೋದರು. ತಲೆ ಎಣಿಕೆಯಲ್ಲಿ ಒಬ್ಬ ಜಾಸ್ತಿ ಬಂದ. ಮತ್ತೆ ಮೇಡಂ ಕಡೆಯವನೇ, ಈ ಸಲ ಡ್ರೈವರ್ ವೇಷ. ಎರಡು ನಿಮಿಷದಲ್ಲಿ ಸಿಕ್ಕಿಬಿದ್ದ. ಗೇಟು ಗಟ್ಟಿಯಾಗಿ ಮುಚ್ಚಿತ್ತು, ಅಣ್ಣ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನನಗಂತೂ ಎದೆ ಉಬ್ಬಿತು.

ಅಷ್ಟರಲ್ಲಿ ಹೊರಗಿನಿಂದ ಹಾರನ್. ಡ್ರಿಲ್ಲಿನಲ್ಲಿ ಫೈರ್ ಇಂಜಿನ್ ಅಂತ ಲೆಕ್ಕ ಹಾಕಿದ್ದ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಅಣ್ಣ ಗೇಟು ತೆಗೆಯಲಿಲ್ಲ. ಕಿಂಡಿಯಿಂದ ರಿಜಿಸ್ಟರ್ ಚಾಚಿ ಗಾಡಿ ನಂಬರು, ಡ್ರೈವರ್ ಹೆಸರು, ಬಂದ ಕಾರಣ ಬರೆಸಿಕೊಂಡರು. ಕಾರಣದ ಕಾಲಮ್ಮಿನಲ್ಲಿ ಡ್ರೈವರ್ ‘ಬೆಂಕಿ’ ಅಂತ ಬರೆದಿದ್ದ. ಮೂರೂವರೆ ನಿಮಿಷ ಹೋಯಿತು. ಕಾಯುವುದಕ್ಕೆ ಹತ್ತಕ್ಕೆ ಹತ್ತು, ಕಾಪಾಡುವುದಕ್ಕೆ ಸೊನ್ನೆ.

ಈ ಸಲ ಅಣ್ಣ ಎದ್ದು ನಿಂತು ವಾದ ಮಾಡಲಿಲ್ಲ. ಗೇಟಿನ ಕೋಣೆಗೆ ಹೋಗಿ, ಗೋಡೆಯಿಂದ ಹಾಳೆ ಕಿತ್ತು ತಂದು ನನ್ನ ಕೈಗೆ ಕೊಟ್ಟರು.

“ಬರೋ ಗಾಡಿ ಬಿಡು ಅಂತ ಎಲ್ಲಿ ಬರ್ದಿದೀರಾ, ತೋರಿಸಿ ಮೇಷ್ಟ್ರೇ.”

ಎರಡು ಸಲ ಓದಿದೆ. ಕನ್ನಡದಲ್ಲೂ ಇರಲಿಲ್ಲ, ತೆಲುಗಿನಲ್ಲೂ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ.